ಜೋಳದ ಸುಂಕು

ಮಿರಜೆಯ ಗಾಡಿಯನ್ನು ಇನ್ನೂ ಪ್ಲಾಟ್‌ಫಾರ್ಮಿಗೆ ಹಚ್ಚಿರಲಿಲ್ಲ. ಜತ್ತದ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕುಳಿತ ಬಾದಶಹಾ ಅಂಗಿಯ ಜೇಬನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಕಾಗದ ಅಲ್ಲೇ ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಉಟಗಿಯಿಂದ ಬರುವಾಗ ಜೀಪಿನಲ್ಲಿ ಹದಿನಾಲ್ಕು ಜನರ ನಡುವೆ ಸಿಕ್ಕಿಕೊಂಡಿದ್ದಾಗಲೂ ಅವನ ಕೈ ಆ ಜೇಬಿನ ಮೇಲೆಯೇ ಇತ್ತು. ಎದುರಿಗಿದ್ದ ಮುದುಕಿಯೊಬ್ಬಳು ಎದೆ ನೋವೇನಪ್ಪಾ ಎಂದು ಕೇಳಿಯೂ ಬಿಟ್ಟಿದ್ದಳು. ಮಿರಜೆಯಲ್ಲಿ ತಲೆಯ ಒಳಗಿನ ಫೋಟೋ ತೆಗೆಯುವವರಿಗೆ ಕೊಡಬೇಕಾದ ಕಾಗದ ಅದು. ಮರಾಠಿಯಲ್ಲಿ ಅಚ್ಚು ಹಾಕಿದ ಹದಿಮೂರು ಪ್ರಶ್ನೆಗಳು. ಎದೆಯಲ್ಲಿ ಯಂತ್ರ ಕೂಡಿಸಿದೆಯೇ, ಎಲುಬಿಗೆ ರಾಡು ಹಾಕಿದೆಯೇ, ಹೊಟ್ಟೆಯಲ್ಲಿ ಕೂಸು ಇದೆಯೇ. ಒಂದೊಂದರ ಮುಂದೆಯೂ ಕಂಪೌಂಡರ್ ವಿಠೋಬ ನೀಲಿ ಪೆನ್ನಿನಿಂದ 'ನಾಹೀ', ಇಲ್ಲ, ಎಂದು ಬರೆದಿದ್ದ. ಹನ್ನೆರಡು ನಾಹೀಗಳು ಖರೆ. ಏಳನೆಯದು ಸುಳ್ಳು. ಆ ಸುಳ್ಳನ್ನು ಹೇಳಿದವನು ಬಾದಶಹಾ. ಹೇಳಿದ್ದು ಅವನ ಹೆಂಡತಿಯ ಕಣ್ಣಿನ ಬಗ್ಗೆ.

ಹೆಂಡತಿ ಮೆಹನಾಜ ಪಕ್ಕದಲ್ಲಿ ಕುಳಿತು ಈಗೀಗ ರೂಢಿಯಾಗಿಬಿಟ್ಟ ತನ್ನ ಆಟ ನಡೆಸಿದ್ದಳು. ಅಂಗೈಯಿಂದ ಬಲಗಣ್ಣು ಮುಚ್ಚಿ ಎದುರಿಗೆ ನಿಂತ ಎಸ್‌ಟಿ ಬಸ್ಸನ್ನು ನೋಡುವುದು, ಆಮೇಲೆ ಎಡಗಣ್ಣು ಮುಚ್ಚಿ ಅದನ್ನೇ ನೋಡುವುದು. "ಈ ಕಣ್ಣಿಗಿ ಗಾಡಿ ಕೆಂಪ ಐತ್ರಿ," ಎಂದಳು. "ಈ ಕಣ್ಣಿಗಿ ಮಳಿಗಿ ತೊಳದ ಇಟ್ಟಂಗಿ ಆಗೇತಿ." ದೂರುವ ದನಿಯೇ ಅಲ್ಲ, ಸಂತೆಯಿಂದ ತಂದ ಬಟ್ಟೆಯ ಬಣ್ಣ ಹೇಳಿದ ಹಾಗೆ. ಒಂದು ವರ್ಷದಿಂದ ಬಲಗಣ್ಣಿನ ಬೆಳಕು ಹೀಗೆಯೇ ಸದ್ದಿಲ್ಲದೆ ಇಳಿಯುತ್ತ ಬಂದಿತ್ತು. ಮೊದಲು ಕಂಡುಹಿಡಿದವಳು ಮಗಳು ಫರೀನ: ಅಮ್ಮೀ ಕಪ್ಪಿನ ಹೊರಗೆ ಚಹಾ ಸುರುವುತ್ತಾಳೆ ಎಂದು ನಕ್ಕಿತ್ತು ಹುಡುಗಿ. ಬಾದಶಹಾ ನಗಲಿಲ್ಲ. ಅಂದಿನಿಂದ ಅವನು ಹೆಂಡತಿಯ ಬಲ ಮಗ್ಗುಲಿಗೇ ಕೂರುತ್ತಿದ್ದ. ಅದು ಆಕೆಗೆ ಕಾಣದ ಮಗ್ಗುಲು ಎಂಬುದು ಇವತ್ತು ಈ ಬೆಂಚಿನ ಮೇಲೆ ಕುಳಿತಾಗಲೇ ಅವನಿಗೆ ಹೊಳೆದದ್ದು, ಹೊಳೆದ ಮೇಲೆ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಇದೇ ಜತ್ತದ ಕಣ್ಣಿನ ಡಾಕ್ಟರು ಸೋಮವಾರ ಎಷ್ಟು ತಾಳ್ಮೆಯಿಂದ ಹೇಳಿದ್ದರು. ಹೋದ ತಿಂಗಳು ಅಲ್ಲೇ ಮಾಡಿಸಿದ ಕಣ್ಣಿನ ಸೋನೋಗ್ರಾಫಿಯಲ್ಲಿ ಏನೂ ಸಿಕ್ಕಿರಲಿಲ್ಲ. "ಸಿಕ್ಕಿಲ್ಲ ಅಂದ್ರ ಇಲ್ಲ ಅಂತಲ್ಲ. ಕಣ್ಣಿನ ಹಿಂದ ಒಂದು ನರ ಐತಿ, ಅದಕ್ಕ ಹೊದಿಕಿ ಐತಿ, ಸುತ್ತ ಕೊಬ್ಬು ಐತಿ. ಸೋನೋಗ್ರಾಫಿಯಾಗ ಎಲ್ಲಾ ಒಂದರಾಗ ಒಂದು ಕೂಡಿಬಿಡತಾವ. ಈ ಸಲ ಕೈಯಾಗಿನ ನರಕ್ಕ ಔಷಧ ಕೊಟ್ಟು ತೆಗೀತಾರ. ಗಂಟು ಇದ್ದಲ್ಲಿ ಅಷ್ಟ ಔಷಧ ಕುಡದು ಬೆಳ್ಳಗ ಹೊಳೀತೈತಿ." ಗಂಟು ಇದ್ದು, ಹಿಂದಕ್ಕೆ ಬೆಳೆದರೆ ಎರಡೂ ಕಣ್ಣಿನ ನರಗಳು ಕೂಡುವ ಜಾಗ ಮುಟ್ಟುತ್ತದೆ, ಆಗ ಎಡಗಣ್ಣಿಗೂ ಕುತ್ತು. ಆದ್ದರಿಂದ ಲಗೂನ ಹೋಗಿ ಎಂದರು. ಅವರು ಗಂಟು ಗಂಟು ಎನ್ನುತ್ತಿದ್ದರೆ ಬಾದಶಹಾನಿಗೆ ಕೇಳಿಸಿದ್ದು ಬೇರೆಯೇ. ಔಷಧ ಒಳಗೆ ಹೋಗುತ್ತದೆ, ಹನ್ನೆರಡು ವರ್ಷದಿಂದ ಅಲ್ಲಿ ಅಡಗಿ ಕೂತದ್ದು ಬೆಳ್ಳಗೆ ಹೊಳೆಯುತ್ತದೆ, ಡಾಕ್ಟರು ಫೋಟೋ ಎತ್ತಿ ಹಿಡಿದು ಕೇಳುತ್ತಾರೆ: ಇದನ್ನು ಇಲ್ಲಿ ಇಟ್ಟವರು ಯಾರು?

ಅಂದೇ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ವಿಠೋಬ ಕಾಗದ ತುಂಬಲು ಕುಳಿತ. ಕಣ್ಣು ಮೆಹನಾಜಳದ್ದು, ಪ್ರಶ್ನೆ ಕೇಳಿದ್ದು ಬಾದಶಹಾನಿಗೆ. ಹೆಂಗಸರ ಕಾಗದ ಅಲ್ಲಿ ತುಂಬುವುದೇ ಹಾಗೆ. ಏಳನೆಯದು ಬಂತು: "ಕಣ್ಣಾಗ ಎಂದರ ಕಬ್ಬಿಣದ ಚೂರು ಗೀರು ಬಿದ್ದಿತ್ತೇನ್ರಿ?" ಅದೇ ಬೆಂಚಿನ ತುದಿಯಲ್ಲಿ ಉಟಗಿಯ ಶಿದ್ರಾಯ ಕಣ್ಣಿಗೆ ಔಷಧ ಬಿಡಿಸಿಕೊಂಡು ತಲೆ ಎತ್ತಿ ಕುಳಿತಿದ್ದ. ಕಣ್ಣು ಮುಚ್ಚಿದ್ದವು, ಕಿವಿ ತೆರೆದಿದ್ದವು. "ನಾಹೀ," ಎಂದ ಬಾದಶಹಾ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. "ಸುಂಕು ಬಿದ್ದಿತ್ತ ಒಮ್ಮಿ, ಸುಗ್ಗಿ ದಿನದಾಗ, ತೆನಿಯಿಂದ ಹಾರಿ. ಜ್ವಾಳದ ಸುಂಕು." ಕಣ್ಣು ಮುಚ್ಚಿದ ಶಿದ್ರಾಯ ತಲೆದೂಗಿದ: "ಹೌದೌದು. ಗೌರವ್ವ ತಗದಿದ್ಳು. ನನಗ ನೆನಪೈತಿ." ಸಾಕ್ಷಿಯೂ ಸಿಕ್ಕಿದಂತಾಯಿತು. ಮೆಹನಾಜ ಗೋಡೆಯ ಮೇಲಿನ ದೊಡ್ಡ ಕಣ್ಣಿನ ಚಿತ್ರ ನೋಡುತ್ತ ಕುಳಿತಿದ್ದಳು.

ಮಿರಜೆಯ ಗಾಡಿ ಬಂತು, ಹತ್ತಿದರು, ಕಿಟಕಿಯ ಹೊರಗೆ ಕಡಲೆ ಕಿತ್ತ ಹೊಲಗಳು, ಕುರಿ ಹಿಂಡು ಹಿಂದೆ ಸರಿದವು. ಬಾದಶಹಾ ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡಿದ್ದ ತನ್ನ ಎಡಗೈಯನ್ನೇ ನೋಡುತ್ತಿದ್ದ. ಮಣಿಕಟ್ಟಿನಿಂದ ಬೆರಳ ಗಿಣ್ಣಿನವರೆಗೆ ಚರ್ಮದೊಳಗೆ ನೀಲಿ ಕಪ್ಪು ಚುಕ್ಕೆಗಳು, ಎಳ್ಳು ಚೆಲ್ಲಿದ ಹಾಗೆ. ಗಿರಣಿಯ ಕಲ್ಲು ಬೀಸಿ ಬೀಸಿ ನುಣುಪಾಗಿ ಹಿಟ್ಟು ದಪ್ಪ ಬೀಳತೊಡಗಿದಾಗ ಅದನ್ನು ಬಿಚ್ಚಿ, ಉಕ್ಕಿನ ಉಳಿಯಿಂದ ಹೊಡೆದು ಮತ್ತೆ ಹಲ್ಲು ಮೂಡಿಸುವುದಕ್ಕೆ ಟಾಕಿ ಹಾಕುವುದು ಎನ್ನುತ್ತಾರೆ. ಹೊಡೆತ ಹೊಡೆತಕ್ಕೂ ಉಳಿಯ ಮೊನೆಯಿಂದ ಕಣದಷ್ಟು ಉಕ್ಕು ಸಿಡಿದು ಕೈಯೊಳಗೆ ಹೊಕ್ಕು ಅಲ್ಲೇ ಮನೆ ಮಾಡುತ್ತದೆ. ಟಾಕಿಯವನ ಕಸಬು ಅಳೆಯುವವರು ಅವನ ಮಾತು ಕೇಳುವುದಿಲ್ಲ, ಕೈ ತೋರಿಸು ಎನ್ನುತ್ತಾರೆ. ವಳಸಂಗದ ಮಾವ ತಾನೂ ಟಾಕಿಯವನೇ. ಹೆಣ್ಣು ಕೊಡುವ ಮುಂಚೆ ಆತ ಹುಡುಗನ ಮುಖ ಸರಿಯಾಗಿ ನೋಡಲಿಲ್ಲ, ಕೈ ಹಿಡಿದು ತಿರುಗಿಸಿ ನೋಡಿ, "ಚಲೋ ಐತಿ," ಎಂದ, ಮದುವೆ ನಿಕ್ಕಿಯಾಯಿತು. ಉಟಗಿಯ ತಮ್ಮ ಹಿಟ್ಟಿನ ಗಿರಣಿಯಲ್ಲಿ ಅಬ್ಬಾ ಮಗನಿಗೆ ಕಲಿಸಿದ ಮೊದಲ ಪಾಠ ಹೊಡೆಯುವುದನ್ನಲ್ಲ. ಕಲ್ಲಿನ ಎದುರಿಗೆ ಯಾರನ್ನೂ ಕೂಡಿಸಬ್ಯಾಡ, ದುಶ್ಮನನ್ನೂ ಕೂಡಿಸಬ್ಯಾಡ.

ಕೂಡಿಸಿದ. ಮದುವೆಯಾಗಿ ನಾಲ್ಕು ತಿಂಗಳು, ತೊಂಬತ್ತೆರಡರ ಸುಗ್ಗಿ. ಮೂವರು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ನಿಂತಿದ್ದರು. ರೊಟ್ಟಿಯ ಬುತ್ತಿ ತಂದ ಮೆಹನಾಜ ಬೀಳುತ್ತಿದ್ದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಉಜ್ಜಿ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, "ಹಿಟ್ಟು ದಪ್ಪ ಬರಾಕತ್ತೈತಲ್ರಿ," ಎಂದಳು. ಹೆಂಗಸರು ನಕ್ಕರು. ಒಬ್ಬಳು, ಟಾಕಿಯವರ ಮಗಳು ಗೊತ್ತಾತಿಲ್ಲೋ ಎಂದಳು. ಅಷ್ಟೇ. ಆದರೆ ಬಾದಶಹಾನ ಕಿವಿ ಬಿಸಿಯಾದವು. ಹೆಂಗಸರು ಹೋದ ಮೇಲೆ ಕಲ್ಲು ಬಿಚ್ಚಿ ಅಂಗಾತ ಹಾಕಿ, "ಬಾ, ಕುಂದ್ರ ಇಲ್ಲಿ, ಹಲ್ಲು ಹೆಂಗ ಬೀಳ್ತಾವ ನೋಡು," ಎಂದು ಎದುರಿಗೆ ಕೈ ತೋರಿಸಿದ. ಟಾಕಿಯವರ ಮಗಳಿಗೆ ಆ ನಿಯಮ ಗೊತ್ತಿಲ್ಲದೆ ಇರುತ್ತದೆಯೇ? ಆಕೆ ಅವನ ಮುಖ ನೋಡಿದಳು. "ಕುಂದ್ರು ಅಂದ್ನೆಲ್ಲ," ಎಂದ. ಕುಳಿತಳು. ಅಗತ್ಯಕ್ಕಿಂತ ಗಟ್ಟಿಯಾಗಿ ಉಳಿ ಹೊಡೆದ. ಐದನೆಯದೋ ಆರನೆಯದೋ ಹೊಡೆತಕ್ಕೆ ಆಕೆ ಮೆಲ್ಲಗೆ ಸೆರಗಿನ ಚುಂಗು ಎತ್ತಿ ಬಲಗಣ್ಣಿಗೆ ಒತ್ತಿಕೊಂಡಳು. ಅಯ್ಯೋ ಎನ್ನಲಿಲ್ಲ. ಇವತ್ತಿಗೂ ಬಾದಶಹಾನಿಗೆ ಆಕೆ ಕೂಗಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಕೂಗಿದ್ದರೆ ನಾಲ್ಕು ಜನ ಸೇರುತ್ತಿದ್ದರು, ಸುಳ್ಳಿಗೆ ಜಾಗ ಇರುತ್ತಿರಲಿಲ್ಲ.

ಊರಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ತೆಗೆಯುವವರು ಇಬ್ಬರಿದ್ದರು. ರಾಶಿ ಮಾಡುವಾಗ ಜೋಳದ ತೆನೆಯಿಂದ ಹಾರುವ ಸುಂಕು, ಹೊಟ್ಟು, ಧೂಳು ಬಿದ್ದರೆ ಗೌರವ್ವ: ರೆಪ್ಪೆ ಬಿಡಿಸಿ ನಾಲಗೆಯ ತುದಿಯಿಂದ ಒಂದು ಸಲ ಸವರಿದರೆ ಬಂದುಬಿಡುತ್ತಿತ್ತು. ಕಬ್ಬಿಣ ಬಿದ್ದರೆ ಕಮ್ಮಾರ ದುಂಡಪ್ಪ: ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತ ಅವನ ಬಳಿ ಇತ್ತು, ಅದನ್ನು ಕಣ್ಣಿನ ಹತ್ತಿರ ಹಿಡಿಯುತ್ತಿದ್ದ. ಯಾರ ಮನೆಗೆ ಹೋದರು ಎಂಬುದರ ಮೇಲೆಯೇ ಊರಿಗೆ ಏನು ಬಿತ್ತು ಎಂದು ಗೊತ್ತಾಗುತ್ತಿತ್ತು. ಮರುದಿನ ವಳಸಂಗದ ಮಾವ ಬರುವವನಿದ್ದ. ಕಲ್ಲಿನ ಎದುರಿಗೆ ಮಗಳನ್ನು ಕೂಡಿಸಿ ಟಾಕಿ ಹಾಕಿದ ಎಂದರೆ, ಆ ಕೈಯ ಚುಕ್ಕೆಗಳಿಗೆ ಏನು ಬೆಲೆ? "ಸುಂಕು ಬಿತ್ತು ಅನ್ನು," ಎಂದು ಬಾದಶಹಾ ಹೆಂಡತಿಯನ್ನು ಗೌರವ್ವನ ಮನೆಗೆ ಕರೆದೊಯ್ದ. ಕಬ್ಬಿಣಕ್ಕೆ ನಾಲಗೆ ಹಚ್ಚಿಸಿದ. ಗೌರವ್ವ ಮೂರು ಸಲ ಸವರಿ ಹೊರಗೆ ಹೋಗಿ ಉಗಿದಳು. ಉಗುಳು ಕೆಂಪಗಿತ್ತು, ಆಕೆ ಎಲೆ ಅಡಿಕೆ ಹಾಕುವವಳು, ಕೆಂಪು ಎಲ್ಲಿಯದೋ. ಬಾಯಿ ಮುಕ್ಕಳಿಸಿ ಬಾದಶಹಾನನ್ನು ಒಂದು ಗಳಿಗೆ ದಿಟ್ಟಿಸಿ, "ಈ ವರ್ಷ ಜ್ವಾಳ ಭಾಳ ಬಿರುಸು ಬಿಡು," ಎಂದಳು. ಏನು ಬಂತು, ಬಂತೋ ಇಲ್ಲವೋ, ಯಾರೂ ನೋಡಲಿಲ್ಲ. ಎಂಟು ದಿನಕ್ಕೆ ಕಣ್ಣು ತಿಳಿಯಾಯಿತು. ಗೌರವ್ವ ತೀರಿಕೊಂಡು ಆರು ವರ್ಷ. ಮೆಹನಾಜ ಅಂದಿನಿಂದ ಹಿಟ್ಟಿನ ವಿಷಯ ಒಂದು ಮಾತು ಆಡಿದವಳಲ್ಲ. ಗಿರಣಿಗೆ ಬಂದರೂ ಹಿಟ್ಟಿಗೆ ಬೆರಳು ಹಚ್ಚುತ್ತಿರಲಿಲ್ಲ.

ಮಿರಜೆಯಲ್ಲಿ ಫೋಟೋ ತೆಗೆಯುವ ಜಾಗ ತಣ್ಣಗೆ, ಬೆಳ್ಳಗೆ ಇತ್ತು. ಕಾಗದ ತೆಗೆದುಕೊಂಡ ಕನ್ನಡಕದ ತಂತ್ರಜ್ಞ ಹದಿಮೂರು ನಾಹೀಗಳ ಮೇಲೆ ಒಮ್ಮೆ ಕಣ್ಣಾಡಿಸಿ ಸಹಿ ಮಾಡಿಸಿಕೊಂಡ. ಅಥಣಿ ಕಡೆಯ ಒಬ್ಬ ಆಯಾ ಮೆಹನಾಜಳನ್ನು ಒಳಗೆ ಕರೆದೊಯ್ದು ಆಕೆಯ ಬಳೆ, ಕಿವಿಯೋಲೆ, ಕೂದಲಿನ ಪಿನ್ನು, ಕಾಲಿನ ಪೈಜಣ ಎಲ್ಲವನ್ನೂ ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದು ಬಾದಶಹಾನ ಕೈಗೆ ಕೊಟ್ಟಳು. ಗಂಟು ಇನ್ನೂ ಮೈಬಿಸಿ ಇತ್ತು. ದಪ್ಪ ಬಾಗಿಲು ಮುಚ್ಚಿತು. ಕೇಳಬೇಕೆಂದು ಕೇಳಿದ್ದಲ್ಲ, ಸುಮ್ಮನೆ ಕೂರಲಾರದೆ ಕೇಳಿದ: "ಇದನ್ನೆಲ್ಲ ಯಾಕ ತೆಗಸ್ತೀರಿ?"

"ಒಳಗ ಇರೂದು ಅಯಸ್ಕಾಂತ ಅಲ್ರಿ ಯಪ್ಪಾ. ಈ ಖೋಲಿಯಷ್ಟ ದೊಡ್ಡದು. ಕಬ್ಬಿಣ ಕಂಡ್ರ ಜಗ್ಗಿ ಎಳಕೋತೈತಿ." ಆಯಾ ಗೋಡೆಗೆ ಒರಗಿ ನಿಂತಳು. "ಕಣ್ಣಾಗ ಚೂರು ಇದ್ದವರ್ನ ಅಂತೂ ಬಾಗಲಾ ದಾಟಸೂದಿಲ್ಲ. ಲೇಥಿನವರು, ವೆಲ್ಡಿಂಗಿನವರು ಬರ್ತಾರಲ್ಲ. ಒಳಗಿನ ಚೂರು ತಿರುಗಿತಂದ್ರ ಕಣ್ಣು ಹರಕೊಂಡು ಹೋದಂಗ. ಅದಕ್ಕ ಎರಡೆರಡ ಸಲ ಕೇಳ್ತೀವಿ. ನಿಮ್ಮ ಮನ್ಯಾಗಿನವ್ರನ್ನೂ ಒಳಗ ಮತ್ತೊಮ್ಮಿ ಕೇಳೀನಿ."

"ಏನಂದ್ಳು?"

"ಸುಂಕು ಬಿದ್ದಿತ್ತು ಅಂದ್ರು."

ಆಗಲೇ ಯಂತ್ರ ಶುರುವಾಯಿತು. ಟಕ್, ಟಕ್, ಟಕ್, ಟಕ್. ಅದು ಟಾಕಿಯ ಸದ್ದು. ಕಲ್ಲಿನ ಮೇಲೆ ಉಕ್ಕು ಬೀಳುವ ಸದ್ದು, ಒಂದೇ ಅಳತೆ, ಒಂದೇ ಅಂತರ, ಸಿಟ್ಟಿಲ್ಲದ ಕೈ ಹೊಡೆದಂತೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಏಳಬೇಕು, ಮೂರು ಹೆಜ್ಜೆ, ಗಾಜಿನ ಕೋಣೆಯ ಬಾಗಿಲು ಬಡಿಯಬೇಕು, ಒಂದು ಮಾತು. ಆದರೆ ಆಕೆಯೂ ಸುಂಕು ಅಂದಳಲ್ಲ! ಆಕೆಯ ಕಣ್ಣು, ಆಕೆಗಿಂತ ಹೆಚ್ಚು ಯಾರಿಗೆ ಗೊತ್ತು? ಬಹುಶಃ ಸುಂಕೇ ಇರಬೇಕು. ಸುಗ್ಗಿಯ ಗಾಳಿ, ಗಿರಣಿಯ ತುಂಬ ಜೋಳ. ಇಬ್ಬರು ಹೇಳಿದ್ದು, ಶಿದ್ರಾಯ ಸೇರಿದರೆ ಮೂವರು. ಹನ್ನೆರಡು ವರ್ಷ ಹೇಳುತ್ತ ಬಂದದ್ದನ್ನು ಒಂದೇ ಒಂದು ಗಳಿಗೆ ನಂಬಲು ಅವನು ಮೈಯೆಲ್ಲ ಬಿಗಿಹಿಡಿದು ಪ್ರಯತ್ನಪಟ್ಟ. ಟಕ್, ಟಕ್. ಐದನೆಯದೋ ಆರನೆಯದೋ ಹೊಡೆತಕ್ಕೆ ಸೆರಗು ಮೇಲೆ ಹೋಗುವುದು ಕಾಣಿಸಿತು. ಹನ್ನೊಂದು ಇಪ್ಪತ್ತ್ಮೂರು. ಈಗ ಹೇಳಿದರೆ ಮೊದಲೇ ಯಾಕೆ ಬೊಗಳಲಿಲ್ಲ ಎನ್ನುತ್ತಾರೆ. ಆಗಬೇಕಾದದ್ದು ಒಳಗೆ ಹೋಗುವಾಗಲೇ ಆಗಿರುತ್ತದೆ. ಆಗಿದ್ದರೆ ಆಕೆ ಕೂಗುತ್ತಿದ್ದಳು. ಕೂಗುತ್ತಿದ್ದಳೇ? ಕೂಗುವವಳಲ್ಲ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸದ್ದು ನಿಂತಿತು. ನಿಂತದ್ದು ಇನ್ನೂ ಘೋರ. ಮತ್ತೆ ಬೇರೆ ಲಯದಲ್ಲಿ ಹಿಡಿಯಿತು, ಬೇಗ ಬೇಗ. ಆಗ ಅವನ ಮನಸ್ಸಿನ ಯಾವುದೋ ಹೊಲಸು ಮೂಲೆಯಿಂದ ಒಂದು ಯೋಚನೆ ಎದ್ದಿತು: ಕಣ್ಣೇ ಹೋದರೆ ಅದರೊಳಗಿನದೂ ಹೋಗುತ್ತದೆ, ಯಂತ್ರದ ತಪ್ಪಾಗುತ್ತದೆ, ನಿನ್ನನ್ನು ಯಾರೂ ಕೇಳುವುದಿಲ್ಲ. ಅದು ತನ್ನದೇ ಯೋಚನೆ ಎಂದು ಗೊತ್ತಾದಾಗ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು, ಹೇಸಿಗೆಯಿಂದಲೇ ಕಾಲಿಗೆ ಬಲ ಬಂತು. ಬೆಳ್ಳಿಯ ಗಂಟು ನೆಲಕ್ಕೆ ಬಿತ್ತು. ಗಡಿಯಾರ ಹನ್ನೊಂದು ಮೂವತ್ತೊಂದು ತೋರಿಸುತ್ತಿತ್ತು. ಹನ್ನೊಂದು ನಿಮಿಷ ಅವನು ಹೆಂಡತಿಯ ಕಣ್ಣನ್ನು ಅಯಸ್ಕಾಂತದ ಬಾಯಿಯಲ್ಲಿಟ್ಟು ಸುಮ್ಮನೆ ಕುಳಿತಿದ್ದ.

"ಕಬ್ಬಿಣ ಬಿದ್ದಿತ್ತ್ರಿ," ಎಂದ, ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು. ತಂತ್ರಜ್ಞನಿಗೆ ಕನ್ನಡ ತಿಳಿಯಲಿಲ್ಲ. ಬಾದಶಹಾ ಮರಾಠಿಯಲ್ಲಿ ಅದನ್ನೇ ಹೇಳಿದ. ಆತನ ಮುಖ ಬಿಳಿಚಿತು. ಯಾವುದೋ ಗುಂಡಿ ಒತ್ತಿದ, ಸದ್ದು ಸತ್ತಿತು. ಆಮೇಲೆ ಬಾದಶಹಾನ ಕಡೆ ತಿರುಗಿ ಬೈದ ಬೈಗುಳು ಸಣ್ಣವಲ್ಲ. ಸಹಿ ಮಾಡಿದ್ದು ಯಾವ ಕೈಯಿಂದ, ಹೆಂಡತಿ ಎಂದರೆ ಏನೆಂದು ತಿಳಿದಿದ್ದೀಯ, ಹೊರಗೆ ಎಳೆಯುವಾಗಲೂ ಅಯಸ್ಕಾಂತ ಎಳೆಯುತ್ತದೆ ಗೊತ್ತೇ. ಹೊರಗೆ ಕಾಯುತ್ತಿದ್ದ ನಾಲ್ಕಾರು ಜನ ಕತ್ತು ಉದ್ದ ಮಾಡಿದರು. ಗಾಜಿನಾಚೆ ಬಿಳಿ ಸುರಂಗದಿಂದ ಮೆಹನಾಜಳ ಪಾದಗಳು ಮಾತ್ರ ಕಾಣುತ್ತಿದ್ದವು, ಒಡೆದ ಹಿಮ್ಮಡಿ, ಪೈಜಣ ತೆಗೆದಲ್ಲಿ ಮಾಸಲು ಗೆರೆ. ತಂತ್ರಜ್ಞ ಆಯಾಳನ್ನು ಕರೆದು ಮೈಕು ಕೊಟ್ಟ.

"ಅವ್ವಾ, ಅಲುಗಾಡಬ್ಯಾಡ್ರಿ. ಕಣ್ಣಾಗ ನೋವು ಐತೇನು?"

"ಇಲ್ರಿ," ಎಂದಿತು ಸ್ಪೀಕರು ಪೆಟ್ಟಿಗೆಯೊಳಗಿನ ದನಿ.

"ಖರೆ ಹೇಳ್ರಿ. ಆ ಕಣ್ಣಾಗ ಎಂದರ ಕಬ್ಬಿಣ ಬಿದ್ದಿತ್ತೇನು?"

ಪಾದಗಳು ಅಲುಗಲಿಲ್ಲ. "ಇಲ್ರಿ. ಜ್ವಾಳದ ಸುಂಕು."

ತಂತ್ರಜ್ಞ ಇಬ್ಬರಲ್ಲಿ ಯಾರನ್ನು ನಂಬಲಿ ಎಂಬಂತೆ ಬಾದಶಹಾನನ್ನು ನೋಡಿದ. ಹುಚ್ಚನೋ ಕುಡುಕನೋ ಎಂಬ ಅನುಮಾನವೂ ಆ ನೋಟದಲ್ಲಿತ್ತು. ಬಾದಶಹಾ ಎಡಗೈ ಮುಂದೆ ಚಾಚಿ ಅಂಗಿಯ ತೋಳು ಮೇಲೆ ಸರಿಸಿದ. "ಇಂಥಾದ್ದು," ಎಂದ ಚುಕ್ಕೆಗಳನ್ನು ತೋರಿಸಿ. ಮಾವ ತಿರುಗಿಸಿ ನೋಡಿದ್ದ ಕೈ. ತಂತ್ರಜ್ಞ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಆ ಕೈ ಇಟ್ಟುಕೊಂಡು ಒಳಗೆ ಮಾತ್ರ ಬರಬೇಡ ಎಂದ. ಮೈಕು ಅವನ ಬಾಯಿಗೆ ಹಿಡಿದ.

ಮನೆಯಲ್ಲಿ ದಖನಿ, ಕನ್ನಡ ಕಲಸಿ ಆಡುವವರು. ಅಲ್ಲಿ ಯಾವ ಮಾತು ಬಾಯಿಗೆ ಬರಬೇಕು ಎಂದೇ ಅವನಿಗೆ ತಿಳಿಯಲಿಲ್ಲ. "ಮೆಹನಾಜ," ಎಂದ. ತನ್ನ ದನಿ ಗಾಜಿನಾಚೆ ದೊಡ್ಡದಾಗಿ ಕೇಳಿಸಿತು. "ನಾನು. ಅದು ಸುಂಕಲ್ಲ. ನನ್ನ ಟಾಕೀದ ಉಕ್ಕು. ನಾನ ನಿನ್ನ ಕಲ್ಲಿನ ಎದುರಿಗಿ ಕುಂಡ್ರಿಸಿದ್ದೆ. ಸಿಟ್ಟಿನಾಗ ಹೊಡದೆ. ಇವರಿಗೆ ಹೇಳು."

ಆಯಾ ನೆಲ ನೋಡುತ್ತ ನಿಂತಿದ್ದಳು.

"ಹೌದ್ರಿ," ಎಂದಳು ಮೆಹನಾಜ, ಅದೇ ದನಿಯಲ್ಲಿ. "ಕಬ್ಬಿಣ."

ಆಕೆ ಮಲಗಿದ್ದ ಹಲಗೆಯನ್ನು ಅವರು ಕೈಯಿಂದಲೇ ಹೊರಗೆ ಎಳೆದರು, ಇಂಚು ಇಂಚಾಗಿ, ತುಂಬಿದ ಹಾಲಿನ ಪಾತ್ರೆ ಸರಿಸುವ ಹಾಗೆ. ಪಾದ, ಮೊಣಕಾಲು, ಎದೆ, ಗದ್ದ. ಬಾದಶಹಾ ಗಾಜಿಗೆ ಹಣೆ ಒತ್ತಿ ನಿಂತಿದ್ದ, ಉಸಿರು ಗಾಜಿನ ಮೇಲೆ ಮಂಜಾಗುತ್ತಿತ್ತು, ಒರೆಸುತ್ತಿದ್ದ. ಆಕೆಯ ಎರಡೂ ಕಣ್ಣು ಮುಚ್ಚಿದ್ದವು. ಎದ್ದು ಕುಳಿತಾಗ ತೆರೆದಳು, ನೀರು ಬರಲಿಲ್ಲ, ನೆತ್ತರು ಬರಲಿಲ್ಲ. ಎದುರು ಕೋಣೆಯಲ್ಲಿ ಕಣ್ಣಿನ ಎಕ್ಸ್‌ರೇ ತೆಗೆದರು. ಇಪ್ಪತ್ತು ನಿಮಿಷ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರು. ಅವನು ಈ ಸಲ ಎಡ ಮಗ್ಗುಲಿಗೆ ಕುಳಿತಿದ್ದ. ಆಕೆ ನೋಡಿದರೆ ಕಾಣುತ್ತಿತ್ತು, ನೋಡಲಿಲ್ಲ. ಒದ್ದೆ ಎಕ್ಸ್‌ರೇ ಬೆಳಕಿಗೆ ಹಿಡಿದು ಅಲ್ಲಿಯ ಡಾಕ್ಟರು ಏನೂ ಇಲ್ಲ ಎಂದರು. ಚೂರಿಲ್ಲ. ಕಣ್ಣು ಖಾಲಿ.

ಬಾದಶಹಾನ ಬಾಯಲ್ಲಿ ಉಪ್ಪು ಉಪ್ಪಾಯಿತು. ಹಾಗಾದರೆ ಅಂದು ಬಂದಿತ್ತು. ಎಲೆ ಅಡಿಕೆಯ ಕೆಂಪಲ್ಲ ಅದು. ಗೌರವ್ವನ ನಾಲಗೆ ಕೊ‌ಯ್ದಿತ್ತು. ಜೋಳದ ಸುಂಕಿಗೆ ನಾಲಗೆ ಕೊಯ್ಯುವುದಿಲ್ಲ ಎಂದು ನೂರಾರು ಕಣ್ಣು ಸವರಿದ ಆಕೆಗೆ ತಿಳಿಯದೆ ಇರಲಿಲ್ಲ. ತಿಳಿದು, ಮುಕ್ಕಳಿಸಿ, ಈ ವರ್ಷ ಜ್ವಾಳ ಬಿರುಸು ಎಂದು ಹೇಳಿ ಅವನ ಮಾನ ಮುಚ್ಚಿ, ಸತ್ತೂ ಹೋದಳು. ಎಷ್ಟು ಹೆಂಗಸರು ಇವನ ಸುಳ್ಳನ್ನು ಬಾಯಲ್ಲಿ ಇಟ್ಟುಕೊಂಡು ಬದುಕಬೇಕಾಯಿತು ಎಂದು ಯೋಚಿಸಿ ಅವನಿಗೆ ಅಲ್ಲೇ ಅಳು ಬಂದಂತಾಯಿತು.

ಎರಡನೆಯ ಸಲ ಮೆಹನಾಜ ಒಳಗೆ ಹೋದಳು. ಮೊದಲು ಸಾದಾ ಚಿತ್ರ, ನಡುವೆ ನಿಲ್ಲಿಸಿ ಮುಂಗೈಯ ನರಕ್ಕೆ ಔಷಧ, ಮತ್ತೆ ಚಿತ್ರ. ಟಕ್, ಟಕ್, ಟಕ್. ಇದನ್ನು ಬಾದಶಹಾ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆದು ದೀಪದ ಹಲಗೆಯ ಮೇಲೆ ಚಿತ್ರಗಳನ್ನು ಸಿಕ್ಕಿಸಿದರು. ಒಂದರಲ್ಲಿ ಎಲ್ಲ ಬೂದಿಯ ಬಣ್ಣ. ಔಷಧದ ನಂತರದ್ದರಲ್ಲಿ ಬಲಗಣ್ಣಿನ ಹಿಂದೆ ಎರಡು ಬೆಳ್ಳನೆಯ ಗೆರೆ, ನಡುವೆ ಕಪ್ಪು ನರ, ಮಿರಜೆಯ ರೈಲು ಹಳಿಗಳಂತೆ ಜೊತೆಯಾಗಿ ಹಿಂದಕ್ಕೆ ಹೋಗಿದ್ದವು. ನರದ ಹೊದಿಕೆಗೆ ಗಂಟು. ನಿಧಾನ ಬೆಳೆಯುವಂಥದ್ದು, ಇನ್ನೂ ಕಣ್ಣಿನ ಗೂಡಿನಲ್ಲೇ ಇದೆ, ಎಡಗಣ್ಣಿನ ದಾರಿಯವರೆಗೆ ಹೋಗಿಲ್ಲ. ಕತ್ತರಿ ಬೇಡ, ಪುಣೆಯಲ್ಲಿ ಕಿರಣ ಕೊಡಿಸಬೇಕು. ಇದ್ದ ಬೆಳಕು ಉಳಿಸಬಹುದು, ಹೋದದ್ದರ ಬಗ್ಗೆ ಮಾತು ಕೊಡಲಾರೆ. ಬಾದಶಹಾ ಕೇಳಿದ, ಆ ಕಬ್ಬಿಣದಿಂದ ಆದದ್ದೇ? ಡಾಕ್ಟರು ತಲೆಯಾಡಿಸಿದರು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹನ್ನೆರಡು ವರ್ಷ ಯಾವ ತಪ್ಪಿಗೆ ಹೆದರಿದ್ದನೋ ಅದರಿಂದ ಬಿಡುಗಡೆ ಸಿಕ್ಕಿತು. ಬೆಳಿಗ್ಗೆಯ ಹನ್ನೊಂದು ನಿಮಿಷದ ಬಗ್ಗೆ ಡಾಕ್ಟರಿಗೆ ಏನೂ ಹೇಳಲು ಇರಲಿಲ್ಲ.

ಜತ್ತ ಮುಟ್ಟಿದಾಗ ಐದು ಗಂಟೆ. ಉಟಗಿಯ ಗಾಡಿಯಲ್ಲಿ ಶಿದ್ರಾಯ ಆಗಲೇ ಜಾಗ ಹಿಡಿದು ಕುಳಿತಿದ್ದ, ಕಾಲ ಬಳಿ ಸಂತೆಯ ಚೀಲ. ಇವರನ್ನು ಕಂಡೊಡನೆ ಹಿಂದಕ್ಕೆ ತಿರುಗಿ, ಇಡೀ ಗಾಡಿಗೆ ಕೇಳುವಂತೆ, "ಏನಂದ್ರವ್ವಾ ಮಿರಜ್ಯಾಗ? ಅದ ಆ ಸುಂಕಿಂದೇನು?" ಎಂದ.

ಬಾದಶಹಾನ ಬಾಯಿ ತೆರೆಯಿತು. ಮಿರಜೆಯಲ್ಲಿ ಹೇಳಿದ್ದು ಪರವೂರಿನವರ ಮುಂದೆ, ಗಾಜಿನ ಹಿಂದೆ ನಿಂತು. ಇಲ್ಲಿ ಗಾಡಿಯ ತುಂಬ ಉಟಗಿ. ಮಾತು ಹೊರಡುವುದಕ್ಕೆ ಮೊದಲೇ ಮೆಹನಾಜ ಸೆರಗು ಸರಿಮಾಡಿಕೊಂಡು ಹೇಳಿದಳು: "ಸುಂಕಲ್ರೀ ಕಾಕಾ ಅದು. ಕಬ್ಬಿಣ ಸಿಡದಿತ್ತು. ಇವರ ಟಾಕೀದು. ಈಗಿನದು ಬ್ಯಾರೆ, ನರಕ್ಕ ಗಂಟು ಆಗೇತಂತ." ಮೆಣಸಿನಕಾಯಿಯ ಧಾರಣೆ ಹೇಳಿದಷ್ಟು ಸಲೀಸಾಗಿ.

ಶಿದ್ರಾಯನ ನೋಟ ಮೆಲ್ಲಗೆ ಬಾದಶಹಾನ ಮುಖಕ್ಕೆ ಬಂತು, ಅಲ್ಲಿಂದ ಸೀಟಿನ ಸರಳು ಹಿಡಿದಿದ್ದ ಎಡಗೈಗೆ ಇಳಿಯಿತು. ಅಕ್ಕಪಕ್ಕದವರೂ ನೋಡಿದರು. ನಾಳೆ ಬೆಳಿಗ್ಗೆ ಗಿರಣಿಗೆ ಬರುವವರೆಲ್ಲ ಈ ಕೈಯನ್ನೇ ನೋಡುತ್ತಾರೆ, ವಳಸಂಗಕ್ಕೂ ಸುದ್ದಿ ಮುಟ್ಟುತ್ತದೆ. ಕೈ ಕೆಳಗಿಳಿಸಿ ತೊಡೆಯ ನಡುವೆ ಇಟ್ಟುಕೊಳ್ಳಬೇಕೆಂದು ಬಾದಶಹಾನಿಗೆ ಎಷ್ಟು ಅನಿಸಿತೆಂದರೆ ಬೆರಳುಗಳು ಸಡಿಲವಾದವು. ಮತ್ತೆ ಬಿಗಿಯಾದವು. "ಹೌದು ಕಾಕಾ," ಎಂದ. "ನಂದ."

ಗಾಡಿ ಊರು ಬಿಟ್ಟು ಬಯಲಿಗೆ ಬಿತ್ತು. ಸಂಜೆಯ ಬಿಸಿಲು ಅಡ್ಡ ಬಿದ್ದಿತ್ತು. ಶಿದ್ರಾಯ ಮುಂದಕ್ಕೆ ತಿರುಗಿ ಬಹಳ ಹೊತ್ತಾದ ಮೇಲೆ ಬಾದಶಹಾ ತಗ್ಗಿದ ದನಿಯಲ್ಲಿ ಕೇಳಿದ: "ಆ ಆಯಾ ನಿನಗ ಹೇಳಿದ್ಳೇನು? ಕಬ್ಬಿಣ ಇದ್ರ ಕಣ್ಣು ಹೋಗ್ತೈತಿ ಅಂತ?"

"ಹೇಳಿದ್ಳು. ಎರಡ ಸಲ."

"ಮತ್ತ?"

"ಮತ್ತೇನು. ನೀವು ಕಾಗದದಾಗ ಬರಸೀರಲ್ಲ."

"ನಾ ಎದ್ದು ಬರದಿದ್ರ?"

"ನಾನೂ ಹೇಳ್ತಿದ್ದಿಲ್ಲ."

"ಕಣ್ಣು?"

"ಹೋಗ್ತಿತ್ತು," ಎಂದಳು ಮೆಹನಾಜ.

ಆಕೆ ಕರವಸ್ತ್ರದ ಗಂಟು ಬಿಚ್ಚಿ ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡಳು, ಕಿವಿಗೆ ಓಲೆ ಸಿಕ್ಕಿಸಿದಳು, ಪೈಜಣವನ್ನು ಮನೆಯಲ್ಲಿ ಹಾಕಿಕೊಂಡರಾಯಿತೆಂದು ಮತ್ತೆ ಕಟ್ಟಿದಳು. ಅಂಗೈಯಿಂದ ಎಡಗಣ್ಣು ಮುಚ್ಚಿ ಹೊರಗಿನ ಬಿಸಿಲನ್ನು ಒಂದಿಷ್ಟು ಹೊತ್ತು ನೋಡಿದಳು, ಏನು ಕಂಡಿತೆಂದು ಹೇಳಲಿಲ್ಲ. ಉಟಗಿಯ ನೀರಿನ ಟ್ಯಾಂಕು ಕಾಣಿಸತೊಡಗಿದಾಗ ಕೈ ತೆಗೆದು, ಅವನ ಕಡೆ ಪೂರ್ತಿ ತಿರುಗಿ, ಮುಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಹಿಟ್ಟು ದಪ್ಪ ಬರಾಕತ್ತೈತಿ. ಎಂಟು ದಿನ ಆತು. ನಾಳಿ ಕಲ್ಲು ಬಿಚ್ರಿ."

"ಹೂಂ," ಎಂದ ಬಾದಶಹಾ.